ಇಲ್ಲದ ಬಂಗಲೆಯ ತೆರಿಗೆ

ಮನೆ ಇದೆ ಎಂದು ರುಜುವಾತು ಮಾಡುವುದು ಸುಲಭ. ಪತ್ರ ತೋರಿಸಿದರಾಯಿತು. ಇಲ್ಲ ಎಂದು ರುಜುವಾತು ಮಾಡುವುದು ಎಂಥ ಕೆಲಸ ಎಂಬುದನ್ನು ನಮ್ಮ ಬೀದಿಯ ಕನ್ನಡಕದಂಗಡಿಯ ಯಜಮಾನರನ್ನು ಕೇಳಬೇಕು. ಬೀದಿಗೆಲ್ಲ ಅವರು ‘ಬಂಗಲೆಯವರು’. ಆ ಹೆಸರನ್ನು ಅವರು ಕಷ್ಟಪಟ್ಟು ಸಂಪಾದಿಸಿದ್ದರು. ಕಳೆದುಕೊಳ್ಳುವುದಕ್ಕೆ ಅದರ ಹತ್ತರಷ್ಟು ಕಷ್ಟಪಡಬೇಕಾಯಿತು.

ಹನ್ನೆರಡು ವರ್ಷದ ಹಿಂದೆ ಅವರು ಅಂಗಡಿಗೆ ಹತ್ತು ದಿನ ಬೀಗ ಹಾಕಿ, ಊರಾಚೆಯ ಆಸ್ಪತ್ರೆಯಲ್ಲಿ ಹರ್ನಿಯಾ ಆಪರೇಷನ್ ಮಾಡಿಸಿಕೊಂಡು ಬಂದರು. ಹರ್ನಿಯಾ ಮರ್ಯಾದಸ್ಥರಿಗೂ ಬರುವ ಕಾಯಿಲೆಯೇ. ಆದರೆ ಮರ್ಯಾದಸ್ಥರು ಹೇಳಿಕೊಂಡು ತಿರುಗುವ ಕಾಯಿಲೆಯಲ್ಲ. ಹನ್ನೊಂದನೆಯ ದಿನ ಗಡ್ಡ ತೆಗೆಸಲು ಕೂತಾಗ ಸಲೂನಿನವನು ಕತ್ತಿಯನ್ನು ಗಂಟಲ ಬಳಿ ತಂದು, “ಎಲ್ಲಿ ಮಾಯವಾಗಿದ್ರಿ ಯಜಮಾನ್ರೇ, ಹತ್ತು ದಿನ?” ಎಂದ. ಗಂಟಲ ಬಳಿ ಕತ್ತಿ ಇರುವಾಗ ತಲೆ ಚುರುಕಾಗುತ್ತದೆ. ಕನ್ನಡಿಯ ಪಕ್ಕದ ಕ್ಯಾಲೆಂಡರಿನಲ್ಲಿ ಒಂದು ಸರೋವರದ ಚಿತ್ರವಿತ್ತು.

“ಸರೋವರದ ಹತ್ರ ನಮ್ದೊಂದು ಸಣ್ಣ ಬಂಗಲೆ ಇದೆ. ಗಾಳಿ ಬದಲಾವಣೆಗೆ ಹೋಗಿದ್ದೆ” ಎಂದರು.

ಕ್ಯಾಲೆಂಡರಿನಲ್ಲಿ ಹುಲಿ ಇದ್ದಿದ್ದರೆ ಏನು ಹೇಳುತ್ತಿದ್ದರೋ ತಿಳಿಯದು. ಅಂದು ಸಂಜೆಯೊಳಗೆ ‘ಸಣ್ಣ’ ಎಂಬ ಮಾತು ಬಿದ್ದುಹೋಯಿತು. ವಾರದೊಳಗೆ ಬಂಗಲೆಗೆ ಮಹಡಿ ಬಂತು. ಅದನ್ನು ಕಟ್ಟಿದವರು ಅವರಲ್ಲ, ಬೀದಿಯವರು. ಅವರು ಮಾಡಿದ ತಪ್ಪೆಂದರೆ ಕಟ್ಟುವಾಗ ತಡೆಯಲಿಲ್ಲ, ಅಷ್ಟೇ. ಆಮೇಲೆ ಜ್ವರ ಬಂದು ಅಂಗಡಿ ಮುಚ್ಚಿದರೂ ಬಂಗಲೆ. ಹೆಂಡತಿಯ ಅಣ್ಣನ ಮನೆಗೆ ಹೋಗಿ ಎರಡು ದಿನ ಉಳಿದರೂ ಬಂಗಲೆ.

ಅವರು ನಿಜವಾಗಿ ವಾಸವಿದ್ದ ಮನೆಯನ್ನು ಬಂಗಲೆ ಎನ್ನಲು ಎಂಥ ಗೆಳೆಯನಿಗೂ ಧೈರ್ಯ ಬರುತ್ತಿರಲಿಲ್ಲ. ಕೆಳಗೊಂದು ಕೋಣೆ, ಮೇಲೊಂದು ಕೋಣೆ, ನಡುವೆ ಏಣಿಯಂಥ ಹದಿನೇಳು ಮೆಟ್ಟಿಲು. ಅಡುಗೆ ಕೆಳಗೆ, ಬಚ್ಚಲು ಮೇಲೆ. ಅವರ ಹೆಂಡತಿಯ ಮೊಣಕಾಲು ಎರಡು ವರ್ಷದಿಂದ ಆ ಮೆಟ್ಟಿಲುಗಳ ಜೊತೆ ಮಾತುಬಿಟ್ಟಿತ್ತು. ಬೆಳಿಗ್ಗೆ ಮೇಲಿನಿಂದ ಇಳಿದರೆ ಮತ್ತೆ ಹತ್ತಬೇಕಲ್ಲ ಎಂದು ಆಕೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು.

ಅಷ್ಟರಲ್ಲಿ ಪಕ್ಕದ ರಸ್ತೆಗೆ ಹೊಸ ಬಸ್ ನಿಲ್ದಾಣ ಬಂತು. ನಮ್ಮ ಬೀದಿಯ ಮನೆಗಳ ಬೆಲೆ ರೆಕ್ಕೆ ಕಟ್ಟಿಕೊಂಡು ಹಾರಿತು. ಬಂಗಲೆಯವರು ಇಪ್ಪತ್ತಾರು ವರ್ಷದ ಹಿಂದೆ ಇಡೀ ಮನೆಗೆ ಕೊಟ್ಟ ಹಣಕ್ಕೆ ಈಗ ಅದರ ಬಚ್ಚಲೂ ಬರುತ್ತಿರಲಿಲ್ಲ. ಪಕ್ಕದ ಬೇಕರಿಯವನು ಗೋಡೆ ಒಡೆದು ಅಂಗಡಿ ದೊಡ್ಡದು ಮಾಡುವ ಆಸೆಯಿಂದ, ಕೇಳಿದಷ್ಟು ಬೆಲೆಗೆ ಮನೆ ಕೊಳ್ಳಲು ಒಪ್ಪಿದ. ಅದೇ ವಾರ ಎರಡು ಬೀದಿ ಆಚೆ ನೆಲಮಾಳಿಗೆಯೂ ಅಲ್ಲದ, ಮಹಡಿಯೂ ಅಲ್ಲದ, ಸರಿಯಾಗಿ ನೆಲದ ಮಟ್ಟದಲ್ಲಿರುವ ಒಂದು ಫ್ಲಾಟ್ ಮಾರಾಟಕ್ಕಿತ್ತು. ಅದರ ಯಜಮಾನ, “ತಿಂಗಳ ಕೊನೆವರೆಗೆ ಕಾಯ್ತೀನಿ. ಆಮೇಲೆ ಬೇರೆಯವರಿಗೆ” ಎಂದ. ಬಂಗಲೆಯವರು ಸಂತೋಷ ತಡೆಯಲಾರದೆ ಯಾವ ಕೆಲಸವೂ ಇಲ್ಲದೆ ಹದಿನೇಳು ಮೆಟ್ಟಿಲನ್ನು ಮೂರು ಸಲ ಹತ್ತಿ ಇಳಿದರು.

ಆ ಸಂತೋಷಕ್ಕೆ ತಣ್ಣೀರು ಹಾಕಲು ಹೆಂಡತಿಯ ಅಣ್ಣ ಬಂದರು. ಅವರು ಒಬ್ಬ ತೆರಿಗೆ ವಕೀಲರ ಬಳಿ ಮೂವತ್ತು ವರ್ಷ ಟೈಪಿಂಗ್ ಮಾಡಿ, ವಕೀಲರಿಗಿಂತ ಹೆಚ್ಚು ಕಾನೂನು ಬಲ್ಲವರಾಗಿ ನಿವೃತ್ತರಾದವರು.

“ಕೊಂಡಿದ್ದು ಎಷ್ಟಕ್ಕೆ? ಮಾರೋದು ಎಷ್ಟಕ್ಕೆ? ಇವೆರಡರ ನಡುವಿನದ್ದು ಬಂಡವಾಳ ಲಾಭ. ಅದರಲ್ಲಿ ಐದಕ್ಕೊಂದು ಪಾಲು ತೆರಿಗೆ.”

“ಲಾಭ ಎಲ್ಲಿಂದ ಬಂತು ಭಾವ? ಮನೆ ಅಲ್ಲೇ ಇದೆ, ನಾವೂ ಅಲ್ಲೇ ಇದ್ದೀವಿ, ಬೆಲೆ ತಾನಾಗೇ ಹತ್ತಿ ಹೋಯ್ತು. ನಾನೇನು ಮಾಡ್ದೆ?”

“ಏನೂ ಮಾಡದೆ ಬಂದಿದ್ದಕ್ಕೇ ಲಾಭ ಅನ್ನೋದು. ಮಾಡಿ ಬಂದಿದ್ರೆ ಕೂಲಿ ಅಂತಿದ್ರು.”

ಹೆಂಡತಿ ಲೆಕ್ಕ ಹಾಕಿದರು. “ಐದಕ್ಕೊಂದು ಪಾಲು ಹೋದ್ರೆ ಆ ಫ್ಲಾಟಿಗೆ ದುಡ್ಡು ಸಾಲಲ್ಲ ಕಣಣ್ಣಾ.”

“ಪೂರ್ತಿ ಕೇಳು” ಎಂದರು ಭಾವ, ಟೈಪಿಂಗ್ ಮಾಡುವವರ ಹಾಗೆ ಬೆರಳು ಆಡಿಸುತ್ತ. “ಮಾರಿದ್ದು ತಾನು ವಾಸ ಇರೋ ಮನೆ ಆಗಿದ್ದು, ವಾಸಕ್ಕೆ ಬೇರೆ ಮನೆ ಇಲ್ಲದಿದ್ರೆ, ತೆರಿಗೆ ಸೊನ್ನೆ. ಪೂರ್ತಿ ವಿನಾಯಿತಿ. ನನಗೆ ಬೇರೆ ಮನೆ ಇಲ್ಲ ಅಂತ ಒಂದು ಘೋಷಣೆ ಬರೆದು ಕೊಡಬೇಕು. ಅಷ್ಟೇ. ನಿಜ ಹೇಳೋಕೆ ಏನು ಕಷ್ಟ?”

ಹೆಂಡತಿ ಗಂಡನನ್ನು ನೋಡಿದರು. ಗಂಡ ಗೋಡೆಯನ್ನು ನೋಡಿದರು.

ತೆರಿಗೆ ಕಚೇರಿಯಲ್ಲಿ ಕಿಟಕಿಗಳು ಹನ್ನೊಂದು, ತೆರೆದಿದ್ದು ಒಂದು. ಗಾಜಿನಲ್ಲಿ ಅಂಗೈಯಷ್ಟಗಲದ ತೂತು. ಅದರ ಹಿಂದೆ ಒಬ್ಬ ಗುಮಾಸ್ತ. ಬಂಗಲೆಯವರು ಒಂದು ಗಂಟೆ ನಿಂತು ಕಿಟಕಿ ಮುಟ್ಟಿದಾಗ ಹಿಂದಿನಿಂದ ಯಾರೋ, “ಓಹೋ, ನೀವೂ ಬಂದಿದ್ದೀರಾ!” ಎಂದರು. ತಿರುಗಿದರೆ ನಮ್ಮ ಬೀದಿಯ ದರ್ಜಿ. ಅಂಗಡಿಯ ಪರವಾನಗಿ ಶುಲ್ಕ ಕಟ್ಟಲು ಬಂದಿದ್ದ.

“ಇದು ನೀವೇ ವಾಸ ಇರೋ ಮನೆನಾ?” ಗುಮಾಸ್ತ ಕೇಳಿದ.

“ಹೌದೌದು! ಇಪ್ಪತ್ತಾರು ವರ್ಷದಿಂದ!”

“ಬೇರೆ ವಾಸದ ಮನೆ?”

ಬಂಗಲೆಯವರ ಬೆನ್ನಿಗೆ ದರ್ಜಿಯ ಉಸಿರು ತಾಗುತ್ತಿತ್ತು. ಅವರು ತೂತಿಗೆ ಬಾಯಿ ಹಚ್ಚಿ ಏನೋ ಗುನುಗಿದರು.

“ಏನು? ಜೋರಾಗಿ ಹೇಳಿ.”

ಅವರು ಒಂದು ಚೀಟಿಯಲ್ಲಿ ಬರೆದು ತೂತಿನೊಳಗೆ ತಳ್ಳಿದರು. ಗುಮಾಸ್ತ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. “ಏನ್ರೀ ಇದು? ‘ಇಲ್ಲ’ ಅಂತ ಬರೆದಿದ್ದೀರಿ. ಏನಿಲ್ಲ?”

“ಅದೇ.”

“ಅದೇ ಅಂದ್ರೆ?”

“ನೀವು ಕೇಳಿದ್ರಲ್ಲ, ಅದು.”

ದರ್ಜಿ ಕನಿಕರದಿಂದ ಮುಂದೆ ಬಾಗಿದ. “ಏನಿಲ್ವಂತೆ ಯಜಮಾನ್ರೇ? ಚಿಲ್ಲರೆನಾ? ನನ್ ಹತ್ರ ಇದೆ, ತಗೊಳ್ಳಿ.”

ಗುಮಾಸ್ತ ತನ್ನ ಪುಸ್ತಕದಲ್ಲಿ ‘ಕೇಳಿದ್ದಕ್ಕೆ ಹಿಂಜರಿದು ಉತ್ತರಿಸಿದರು’ ಎಂದು ಬರೆದುಕೊಂಡ. ಆಮೇಲೆ ತಲೆಯೆತ್ತದೆ ಹೇಳಿದ: “ನಾಳೆ ನಿಮ್ಮ ಮನೆ ಬಾಗಿಲಿಗೆ ನೋಟೀಸು ಅಂಟಿಸ್ತೀವಿ. ಹದಿನೈದು ದಿನ ಇರಬೇಕು. ಯಾರದ್ದೂ ತಕರಾರು ಬರದಿದ್ರೆ ವಿನಾಯಿತಿ.”

“ಬಾಗಿಲ ಒಳಗಡೆ ಅಂಟಿಸಬಹುದಾ?”

“ಒಳಗಡೆ ಓದೋರು ಯಾರ್ರೀ?”

“ನಾವಿಬ್ರು. ದಿನಾ ಓದ್ತೀವಿ.”

ಗುಮಾಸ್ತ ಕಿಟಕಿ ಮುಚ್ಚಿದ.

ನೋಟೀಸು ಬಂತು. ಹಳದಿ ಕಾಗದ, ದಪ್ಪ ಅಕ್ಷರ. ‘ಈ ಮನೆಯ ಮಾಲೀಕರು ತಾವು ಇದೇ ಮನೆಯಲ್ಲಿ ವಾಸವಿರುವುದಾಗಿಯೂ, ತಮಗೆ ಬೇರೆಲ್ಲಿಯೂ ವಾಸದ ಮನೆ ಇರುವುದಿಲ್ಲವೆಂತಲೂ ಘೋಷಿಸಿರುತ್ತಾರೆ. ತಕರಾರು ಇದ್ದವರು ಹದಿನೈದು ದಿನದೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದು. ಇದನ್ನು ಹರಿದವರಿಗೆ ದಂಡ.’

ಇಲ್ಲಿ ಒಂದು ವಿಚಾರವನ್ನು ಗಮನಿಸಬೇಕು. ನಮ್ಮ ಬೀದಿಯ ಕಣ್ಣುಗಳನ್ನು ಇಪ್ಪತ್ತಾರು ವರ್ಷದಿಂದ ತಿದ್ದಿದವರು ಬಂಗಲೆಯವರೇ. ಒಂದು ಗಾಜು ತೆಗೆದು ಇನ್ನೊಂದು ಹಾಕಿ, “ಈಗ ಕಾಣುತ್ತಾ? ಈಗ?” ಎಂದು ತಾಳ್ಮೆಯಿಂದ ಕೇಳಿ ಕೇಳಿ, ಎಲ್ಲರಿಗೂ ಎದುರು ಸಾಲಿನ ಬೋರ್ಡು ಸ್ಪಷ್ಟವಾಗಿ ಓದುವ ಹಾಗೆ ಮಾಡಿಟ್ಟಿದ್ದರು. ಅಷ್ಟು ಒಳ್ಳೆಯ ಕೆಲಸ ಮಾಡಿದ್ದಕ್ಕೆ ಅವರು ಪಶ್ಚಾತ್ತಾಪಪಟ್ಟದ್ದು ಅದೇ ಮೊದಲು.

ಎರಡು ದಿನ ಅವರು ಅಂಗಡಿಗೆ ಹೋಗದೆ ನೋಟೀಸಿಗೆ ಬೆನ್ನು ಆನಿಸಿ ಬಾಗಿಲಲ್ಲೇ ನಿಂತರು. ಮಾತಾಡಿಸಿದವರಿಗೆ ಬಿಸಿಲು ಕಾಯುತ್ತಿದ್ದೇನೆ ಎಂದರು. ಮೋಡ ಮುಸುಕಿತ್ತು. ಮೂರನೆಯ ದಿನ ಬೇಕರಿಯವನು ಅಳತೆ ತೆಗೆಯಲು ಕರೆದಾಗ ಒಂದೇ ಒಂದು ನಿಮಿಷ ಒಳಗೆ ಹೋದರು. ವಾಪಸು ಬರುವಷ್ಟರಲ್ಲಿ ಕಿರಾಣಿ ಅಂಗಡಿಯಾಕೆ ಬಾಗಿಲ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

“ಯಾವನು ಇದನ್ನ ಅಂಟಿಸಿದ್ದು?”

ಬೀದಿಗೆ ಕೇಳಿಸಿತು. ದರ್ಜಿ ಕುತ್ತಿಗೆಗೆ ಅಳತೆ ಟೇಪು ಸುತ್ತಿಕೊಂಡೇ ಬಂದ. ಸಲೂನಿನವನು ಓಡಿ ಬಂದ. ಅವನ ಹಿಂದೆ, ಅರ್ಧ ಮುಖಕ್ಕೆ ಮಾತ್ರ ಗಡ್ಡವಿದ್ದ ಗಿರಾಕಿಯೂ ಓಡಿ ಬಂದ.

“ಓದು, ಓದು. ಜೋರಾಗಿ ಓದು” ಎಂದಳು ಕಿರಾಣಿಯಾಕೆ.

“‘ಬೇರೆಲ್ಲಿಯೂ ವಾಸದ ಮನೆ ಇರುವುದಿಲ್ಲವೆಂತಲೂ’... ಇರುವುದಿಲ್ಲವಂತೆ! ನಮ್ಮ ಬಂಗಲೆಯವರಿಗೆ!” ಎಂದ ಸಲೂನಿನವನು. “ಇಷ್ಟು ವರ್ಷ ಮಾನವಾಗಿ ಬದುಕಿದೋರ ಬಾಗಿಲಿಗೆ ಹೀಗೆ ಅಂಟಿಸೋದಾ?”

“ಆಗದವರ ಕೆಲಸ” ಎಂದ ದರ್ಜಿ. “ಮೊನ್ನೆ ಆಫೀಸಿನಲ್ಲಿ ನಾನೇ ಕಣ್ಣಾರೆ ಕಂಡೆ. ಆ ಗುಮಾಸ್ತ ಇವರನ್ನ ಹೇಗೆ ಗದರ್ತಿದ್ದ ಅಂತೀರಿ! ಇವರು ಏನೂ ಇಲ್ಲ ಅಂತ ಚೀಟಿ ಬರೆದು ಬೇಡಿಕೊಳ್ತಿದ್ರು.”

ಅಷ್ಟು ಹೊತ್ತಿಗೆ ಹೆಂಡತಿ ಹೊರಗೆ ಬಂದರು. ಈಕೆ ಒಂದೇ ಒಂದು ದಿನವೂ ಸುಳ್ಳಿಗೆ ಸೊಪ್ಪು ಹಾಕಿದವರಲ್ಲ. “ಯಾರೂ ಅಂಟಿಸಿ ಅವಮಾನ ಮಾಡಿಲ್ಲ. ನಾವೇ ಬರೆದು ಕೊಟ್ಟಿದ್ದು. ನಮಗೆ ಬಂಗಲೆ ಇಲ್ಲ. ಯಾವತ್ತೂ ಇರಲಿಲ್ಲ” ಎಂದರು.

ಕಿರಾಣಿಯಾಕೆಯ ಕಣ್ಣು ತುಂಬಿ ಬಂತು. “ನೋಡಿ, ದೊಡ್ಡತನ ಅಂದ್ರೆ ಇದು! ಹನ್ನೆರಡು ವರ್ಷದಲ್ಲಿ ಒಂದು ದಿನ ಈ ಅಕ್ಕ ಬಾಯಿಬಿಟ್ಟು ಬಂಗಲೆ ಇದೆ ಅಂದಿದ್ದಾರಾ? ಯಾವಾಗ ಕೇಳಿದ್ರೂ ಇಲ್ಲ, ಇಲ್ಲ, ಇಲ್ಲ! ನನಗೇನಾದ್ರೂ ಬಂಗಲೆ ಇದ್ದಿದ್ರೆ ಅಂಗಡಿ ಬೋರ್ಡಿನ ಮೇಲೆ ಬರೆಸ್ತಿದ್ದೆ.”

“ಇಲ್ಲದ್ದಕ್ಕೆ ಇಲ್ಲ ಅಂದೆ ಕಣಮ್ಮಾ!”

“ಆಯ್ತಕ್ಕಾ, ಆಯ್ತು. ನೀವು ಒಳಗೆ ಹೋಗಿ. ನಾವು ನೋಡ್ಕೋತೀವಿ.”

ನೋಡಿಕೊಂಡರು. ಮಧ್ಯಾಹ್ನ ಸಲೂನಿನಲ್ಲಿ ಸಭೆ ಸೇರಿತು. ನೋಟೀಸಿನಲ್ಲೇ ದಾರಿ ತೋರಿಸಿತ್ತಲ್ಲ, ತಕರಾರು ಇದ್ದವರು ಬರೆದು ಕೊಡತಕ್ಕದ್ದು! ದರ್ಜಿ ಬಟ್ಟೆ ಸುತ್ತುವ ಕಾಗದದ ಮೇಲೆ ಬರೆದ: ‘ನಮ್ಮ ಬೀದಿಯ ಗೌರವಾನ್ವಿತರಾದ ಇವರಿಗೆ ಸರೋವರದ ದಡದಲ್ಲಿ ದೊಡ್ಡ ಬಂಗಲೆ ಇದ್ದೇ ಇರುತ್ತದೆ. ಇಲ್ಲವೆಂದು ಅಪಪ್ರಚಾರ ಮಾಡಿರುವುದನ್ನು ನಾವು ಕೆಳಗೆ ಸಹಿ ಮಾಡಿದವರು ಉಗ್ರವಾಗಿ ಖಂಡಿಸುತ್ತೇವೆ.’ ಹನ್ನೆರಡು ವರ್ಷದ ಹಿಂದೆ ಅವರು ಬಂಗಲೆಗೆ ಹೋಗಿದ್ದ ಹತ್ತು ದಿನದ ತಾರೀಖನ್ನೂ ಸಲೂನಿನವನು ನೆನಪಿನಿಂದ ಬರೆಸಿದ. ಇಪ್ಪತ್ಮೂರು ಸಹಿ ಬಿತ್ತು. ಅರ್ಧ ಗಡ್ಡದ ಗಿರಾಕಿ ಬೇರೆ ಊರಿನವನು. ಅವನೂ ಸಹಿ ಮಾಡಿದ.

ವಿಷಯ ತಿಳಿದು ಬಂಗಲೆಯವರು ಎದೆ ಹಿಡಿದುಕೊಂಡರು. ಹೆಂಡತಿ, “ಎದೆ ಆಮೇಲೆ ಹಿಡ್ಕೊಳ್ಳಿ. ಈಗಲೇ ಹೋಗಿ ನಿಜ ಹೇಳಿ ಬನ್ನಿ” ಎಂದು ಚಪ್ಪಲಿ ಮುಂದಿಟ್ಟರು.

ಅವರು ಹೋದರು. ಇದಕ್ಕೆ ಮೆಚ್ಚಬೇಕು. ಸಲೂನಿಗೆ ಹೋಗಿ ಕುರ್ಚಿಯ ಮೇಲೆ ಕೂತು, “ನೋಡಪ್ಪಾ, ಆ ಬಂಗಲೆ ವಿಷಯದಲ್ಲಿ...” ಎಂದು ಶುರುಮಾಡಿದರು.

ಸಲೂನಿನವನು ಅವರ ಬಾಯಿಗೆ ನೊರೆ ಬಳಿದ. “ನೀವೇನೂ ಹೇಳ್ಬೇಡಿ. ನಿಮ್ಮ ಋಣ ನಮ್ಮ ಮೇಲಿದೆ. ಆ ಬಂಗಲೆ ಬರೀ ನಿಮ್ದು ಅಂದ್ಕೊಂಡಿದ್ದೀರಾ? ನನ್ನ ಬೀಗರ ಮನೆಯಲ್ಲಿ ಕೇಳಿ. ಅದರ ಜಗಲಿ ಮೇಲೆ ಕೂತು ನಿಮಗೆ ಗಡ್ಡ ತೆಗೆದದ್ದು, ಬೆಳಗಿನ ಬಿಸಿಲು ಸೀದಾ ನಿಮ್ಮ ಮುಖಕ್ಕೆ ಬಿದ್ದದ್ದು, ಎಲ್ಲ ನಾನು ಅವರಿಗೆ ಹೇಳಿದ್ದೀನಿ. ಅವತ್ತಿನಿಂದ ನನಗೆ ಅಲ್ಲಿ ಕುರ್ಚಿ ಹಾಕ್ತಾರೆ.”

“ನಾನೂ ಅಷ್ಟೆ” ಎಂದ ಬೆಂಚಿನ ಮೇಲಿದ್ದ ದರ್ಜಿ, ಸಂಕೋಚದಿಂದ. “ಹನ್ನೊಂದು ಕಿಟಕಿಗೆ ಪರದೆ ಹೊಲಿದುಕೊಟ್ಟೆ ಅಂತ ಗಿರಾಕಿಗಳ ಹತ್ರ ಹೇಳಿದ್ದೀನಿ. ಆಮೇಲೆ ಎರಡು ಹೋಟೆಲ್ ಪರದೆ ಕೆಲಸ ಸಿಕ್ತು.”

ಬಂಗಲೆಯವರು ನೊರೆಯ ಒಳಗಿನಿಂದ ಏನೋ ಅಂದರು. ಗುಳ್ಳೆ ಬಂತು, ಮಾತು ಬರಲಿಲ್ಲ. ನುಣ್ಣಗೆ ಗಡ್ಡ ತೆಗೆದು, ದುಡ್ಡೂ ತೆಗೆದುಕೊಳ್ಳದೆ ಕಳಿಸಿಕೊಟ್ಟರು. ಅವರು ಮನೆಗೆ ಬಂದು, “ಹೇಳೋಕೆ ಹೋದೆ. ಅವರು ತುಂಬಾ ಒಳ್ಳೆಯವರು ಕಣೇ” ಎಂದರು. ಹೆಂಡತಿ ಒಂದು ಕೈ ಗೋಡೆಗೆ, ಒಂದು ಕೈ ಮೊಣಕಾಲಿಗೆ ಕೊಟ್ಟು, ಮೆಟ್ಟಿಲು ಹತ್ತಿದರು. ಪ್ರತಿ ಮೆಟ್ಟಿಲಿಗೂ ಒಂದೊಂದು ಸಲ ನಿಂತು ಹತ್ತಿದರು. ಹದಿನೇಳು ಸಲ ನಿಂತರು.

ತಕರಾರು ಬಂದರೆ ಸ್ಥಳ ತನಿಖೆ ಆಗಬೇಕು ಎಂಬುದು ನಿಯಮ. ಗುಮಾಸ್ತ ಕಡತ ಹಿಡಿದು ಬಂದ. ಮೊದಲು ಕಿರಾಣಿ ಅಂಗಡಿಗೆ ಹೋದ.

“ಎದುರು ಮನೆಯವರು ಇಲ್ಲೇ ವಾಸ ಇದ್ದಾರಾ?”

“ಅವರಾ? ಈ ಗೂಡಿನಲ್ಲಾ?” ಕಿರಾಣಿಯಾಕೆ ತಕ್ಕಡಿ ಕೆಳಗಿಟ್ಟಳು. “ಅಂಗಡಿಗೆ ಹತ್ತಿರ ಆಗುತ್ತೆ ಅಂತ ಇಲ್ಲಿ ಒಂಚೂರು ಕಾಲು ಊರ್ತಾರೆ, ಅಷ್ಟೇ. ಮನಸ್ಸೆಲ್ಲ ಸರೋವರದ ಕಡೆ.”

“ರಾತ್ರಿ ಎಲ್ಲಿ ಮಲಗ್ತಾರೆ?”

“ಮಲಗೋದು ಇಲ್ಲೇ. ಆದ್ರೆ ವಾಸ ಅಲ್ಲಿ.”

ಗುಮಾಸ್ತನ ವೃತ್ತಿಜೀವನದಲ್ಲಿ ಇಂಥ ಉತ್ತರ ಬಂದಿರಲಿಲ್ಲ. ಅದನ್ನು ಹಾಗೆಯೇ ಬರೆದುಕೊಂಡು ಎದುರು ಮನೆಗೆ ಬಂದ. ಬಂಗಲೆಯವರು ತಾವು ಇಲ್ಲಿಯೇ ವಾಸವಿದ್ದೇವೆ ಎಂಬುದಕ್ಕೆ ಬೆಳಗಿನಿಂದ ತಯಾರಿ ನಡೆಸಿದ್ದರು. ಮನೆಯಲ್ಲಿದ್ದ ಅಷ್ಟೂ ಬಟ್ಟೆಯನ್ನು ಹಗ್ಗಕ್ಕೆ ಹಾಕಿದ್ದರು, ಅಷ್ಟೂ ಪಾತ್ರೆಯನ್ನು ಒಲೆಯ ಸುತ್ತ ಹರಡಿದ್ದರು, ಸಾಕ್ಷಿಗಿರಲಿ ಎಂದು ಎಲ್ಲ ಚಪ್ಪಲಿಗಳನ್ನು ಬಾಗಿಲಲ್ಲಿ ಜೋಡಿಸಿದ್ದರು. ಹಗಲು ಹೊತ್ತಿನಲ್ಲೇ ಹಾಸಿಗೆ ಹಾಸಿ, ಯಾರೋ ಈಗ ತಾನೇ ಎದ್ದುಹೋದ ಹಾಗೆ ಹೊದಿಕೆ ಕೆದರಿದ್ದರು. ಗುಮಾಸ್ತ ಸುತ್ತ ನೋಡಿ ಬರೆದ: ‘ಸಾಮಾನು ಸರಂಜಾಮು ಹೊರತೆಗೆದು ಬೇರೆಡೆ ಸಾಗಿಸುವ ಸಿದ್ಧತೆಯಲ್ಲಿರುವುದು ಕಂಡುಬಂತು.’

ವಿಚಾರಣೆ ತಿಂಗಳ ಇಪ್ಪತ್ತೆಂಟಕ್ಕೆ ನಿಗದಿಯಾಯಿತು. ಫ್ಲಾಟಿನವನ ಗಡುವು ಮೂವತ್ತಕ್ಕೆ.

ಅಂದು ತೆರಿಗೆ ಅಧಿಕಾರಿಣಿಯ ಕೋಣೆಯಲ್ಲಿ ಕುರ್ಚಿ ಆರು, ಜನ ಇಪ್ಪತ್ತೇಳು. ಬೀದಿಗೆ ಬೀದಿಯೇ ಇಸ್ತ್ರಿ ಬಟ್ಟೆ ಹಾಕಿಕೊಂಡು, ಬಂಗಲೆಯವರ ಮಾನ ಉಳಿಸಲು ಬಂದಿತ್ತು. ಬಂಗಲೆಯವರು, ಹೆಂಡತಿ, ಭಾವ ಒಂದು ಕಡೆ. ಉಳಿದವರೆಲ್ಲ ಬಾಗಿಲ ತನಕ. ಅಧಿಕಾರಿಣಿ ನಡುವಯಸ್ಸಿನಾಕೆ. ಮುಖದಲ್ಲಿ ಯಾವ ಭಾವವೂ ಇರಲಿಲ್ಲ. ಇದ್ದ ಭಾವವನ್ನೆಲ್ಲ ಪೆನ್ಸಿಲ್ ಚೂಪು ಮಾಡುವುದಕ್ಕೆ ಬಳಸುತ್ತಿದ್ದರು.

“ಆಸ್ತಿ ದಾಖಲೆಯಲ್ಲಿ ಹುಡುಕಿಸಿದೀನಿ. ಇವರ ಹೆಸರಲ್ಲಿ ಬೇರೆ ಮನೆ ಇಲ್ಲ” ಎಂದರು. ಬಂಗಲೆಯವರ ಮುಖ ಅರಳಿತು. “ಆದ್ರೆ ಇಪ್ಪತ್ಮೂರು ಜನ ಇದೆ ಅಂತ ಸಹಿ ಮಾಡಿದ್ದಾರೆ.” ಮುಖ ಮುದುಡಿತು. “ದಾಖಲೆಯಲ್ಲಿ ಇಲ್ಲದ ಮನೆಗಳು ನನಗೆ ಹೊಸದಲ್ಲ. ಸರಿ, ಬಂಗಲೆ ಸರೋವರದ ಯಾವ ದಡದಲ್ಲಿದೆ?”

“ಮೂಡಣ ದಿಕ್ಕು ಮೇಡಂ” ಎಂದು ಸಲೂನಿನವನು ಎದ್ದು ನಿಂತ. “ಜಗಲಿ ಮೂಡಣಕ್ಕಿದೆ. ಬೆಳಗಿನ ಬಿಸಿಲು ಸೀದಾ ಮುಖಕ್ಕೆ.”

“ಇಲ್ಲ ಮೇಡಂ, ಪಡುವಣ” ಎಂದ ದರ್ಜಿ. “ಸಂಜೆ ಬಿಸಿಲಿಗೇ ಅಲ್ವಾ ಹನ್ನೊಂದು ಪರದೆ ಬೇಕಾಗಿದ್ದು?”

“ನೀವಿಬ್ರೂ ಸುಮ್ನಿರಿ” ಎಂದಳು ಕಿರಾಣಿಯಾಕೆ. “ಬಡಗಣಕ್ಕೆ, ಗುಡ್ಡದ ತುದಿ ಮೇಲೆ. ನನ್ನ ಅಂಗಡಿಯ ಸಾಮಾನು ಹೊತ್ತು ಹೋಗೋ ಗಾಡಿಯವನು ಗುಡ್ಡ ಹತ್ತೋಕೆ ಎರಡರಷ್ಟು ಬಾಡಿಗೆ ಕೇಳ್ತಾನೆ.”

ಅಧಿಕಾರಿಣಿ ಗೋಡೆಯ ನಕಾಶೆಯ ಮೇಲೆ ಮೂರು ಚುಕ್ಕಿ ಇಟ್ಟರು. “ಮೂರು ಬಂಗಲೆ” ಎಂದರು. ಭಾವ ತಲೆಗೆ ಕೈ ಹೊತ್ತು ಕೂತರು. ಒಂದು ಮನೆಯಿಂದಲೇ ವಿನಾಯಿತಿ ಹೋಗುವುದಿತ್ತು; ಈಗ ಮೂರಾಗಿದ್ದವು.

“ಇನ್ನು ಮುಂದೆ ಪ್ರಮಾಣದ ಮೇಲೆ ಹೇಳಿಕೆ” ಎಂದು ಅಧಿಕಾರಿಣಿ ಮೂರು ಅರ್ಜಿ ನಮೂನೆ ಮುಂದಿಟ್ಟರು. “ಸುಳ್ಳು ಹೇಳಿದ್ರೆ ದಂಡ, ಜೊತೆಗೆ ಜೈಲು. ಬಂಗಲೆಯನ್ನ ನೀವು ಕಣ್ಣಾರೆ ಕಂಡಿದ್ದೀರಾ?”



ಸಲೂನಿನವನು ಕೂತ. “ಕಣ್ಣಾರೆ ಅಂದ್ರೆ... ನಾನು ನೋಡಿಲ್ಲ. ಪರದೆ ಹೊಲಿದವನು ನೋಡಿರ್ತಾನೆ.”

“ನಾನಾ? ಅಳತೆ ಬಂತು, ಹೊಲಿದೆ... ಹೊಲಿದೆ ಅಂದೆ” ದರ್ಜಿ ಟೇಪು ಎಳೆದುಕೊಂಡ. “ಸಾಮಾನು ಕಳಿಸಿದೋರು ನೋಡಿರ್ತಾರೆ.”

“ನಾನೆಲ್ಲಿ ಹೋದೆ? ಗಾಡಿಯವನು ಹೋಗಿರಬೇಕು” ಎಂದಳು ಕಿರಾಣಿಯಾಕೆ. “ಹೋಗಿದ್ದಾನೆ ಅಂತ ಅವನೂ ಹೇಳಿಲ್ಲ. ಹೋದ್ರೆ ಇಷ್ಟಾಗುತ್ತೆ ಅಂದಿದ್ದ.”

ಇಪ್ಪತ್ಮೂರು ಜೋಡಿ ಕಣ್ಣು, ಅದರಲ್ಲಿ ಹತ್ತೊಂಬತ್ತಕ್ಕೆ ಅವರೇ ಹಾಕಿದ ಕನ್ನಡಕ, ಒಟ್ಟಾಗಿ ಬಂಗಲೆಯವರ ಕಡೆ ತಿರುಗಿದವು. ಆ ಕಣ್ಣುಗಳಲ್ಲಿ ಸಿಟ್ಟಿರಲಿಲ್ಲ. ಬೇಡಿಕೆ ಇತ್ತು. ಬೀಗರ ಮನೆಯ ಕುರ್ಚಿ, ಹೋಟೆಲಿನ ಪರದೆ, ಇಡೀ ಬೀದಿಯ ಗತ್ತು ಆ ಒಬ್ಬ ಮನುಷ್ಯನ ಬಾಯಿಯಲ್ಲಿತ್ತು.

“ನೀವೇ ಹೇಳಿ” ಎಂದರು ಅಧಿಕಾರಿಣಿ. “ಸುತ್ತಿ ಬಳಸಿ ಬೇಡ. ಇದೆಯೋ, ಇಲ್ಲವೋ?”

ಬಂಗಲೆಯವರು ಎದ್ದು ನಿಂತರು. ನಿಂತದ್ದು ನೋಡಿದರೆ ಬಂಗಲೆ ಇದ್ದವರ ನಿಲುವೇ. ಪಕ್ಕದಲ್ಲಿ ಹೆಂಡತಿ ಏಳಲು ಹೋಗಿ, ಮೊಣಕಾಲು ಒಪ್ಪದೆ, ಕುರ್ಚಿಯ ಕೈ ಹಿಡಿದು ಮತ್ತೆ ಕೂತರು. ಅದನ್ನು ಅವರು ನೋಡಿದರು.

“ಇಲ್ಲ!” ಎಂದು ಕೂಗಿದರು. ಎಷ್ಟು ಜೋರೆಂದರೆ ಹೊರಗಿನ ಜವಾನ ಏನೋ ಅನಾಹುತವಾಯಿತೆಂದು ಓಡಿಬಂದ. “ಇಲ್ಲ ಮೇಡಂ! ಮೂಡಣಕ್ಕಿಲ್ಲ, ಪಡುವಣಕ್ಕಿಲ್ಲ, ಗುಡ್ಡದ ಮೇಲಿಲ್ಲ! ನಾನು ಸರೋವರವನ್ನೇ ನೋಡಿಲ್ಲ! ಕ್ಯಾಲೆಂಡರಿನಲ್ಲಿ ನೋಡಿದ್ದು!”

“ಮತ್ತೆ ಆ ಹತ್ತು ದಿನ ಎಲ್ಲಿದ್ರಿ? ತಕರಾರಿನಲ್ಲಿ ತಾರೀಖು ಸಮೇತ ಬರೆದಿದ್ದಾರೆ.”

“ಆಸ್ಪತ್ರೆಯಲ್ಲಿ.”

“ಏನಾಗಿತ್ತು?”

ಬಂಗಲೆಯವರು ಸೂರು ನೋಡಿದರು. ಹೆಂಡತಿ ಚೀಲದಿಂದ ಆಸ್ಪತ್ರೆಯ ಚೀಟಿ ತೆಗೆದು ಮೇಜಿನ ಮೇಲಿಟ್ಟು, ಕೋಣೆಗೆಲ್ಲ ಕೇಳುವ ಹಾಗೆ, “ಹರ್ನಿಯಾ” ಎಂದರು.

ಅಧಿಕಾರಿಣಿ ಅಕ್ಷರ ಬಿಡದೆ ಬರೆದುಕೊಂಡರು. ಚೀಟಿಯ ತಾರೀಖು ನೋಡಿದರು, ತಕರಾರಿನ ತಾರೀಖು ನೋಡಿದರು. ನಕಾಶೆಯ ಮೇಲಿನ ಮೂರು ಚುಕ್ಕಿಯನ್ನು ರಬ್ಬರಿನಿಂದ ಒಂದೊಂದಾಗಿ ಅಳಿಸಿದರು. ಮುದ್ರೆ ಬಿತ್ತು. “ವಿನಾಯಿತಿ ಮಂಜೂರು. ತೆರಿಗೆ ಸೊನ್ನೆ. ಮುಂದಿನವರನ್ನ ಕರೀರಿ.”

ಹೆಂಡತಿ ಆದೇಶವನ್ನು ನಾಲ್ಕು ಮಡಿಕೆ ಮಡಚಿ ಚೀಲಕ್ಕಿಟ್ಟು, ಚೀಲವನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡರು. ಭಾವ ಫ್ಲಾಟಿನವನಿಗೆ ಹೇಳಲು ಅಲ್ಲಿಂದಲೇ ಓಡಿದರು. ಅವರು ಓಡಿದ್ದನ್ನು ನಿವೃತ್ತರಾದ ಮೇಲೆ ಯಾರೂ ನೋಡಿರಲಿಲ್ಲ.

ಹೊರಗೆ ಅಂಗಳದಲ್ಲಿ ಇಪ್ಪತ್ಮೂರು ಜನ ಕಾಯುತ್ತ ನಿಂತಿದ್ದರು. ಬಂಗಲೆಯವರು ತಲೆ ತಗ್ಗಿಸಿ ಮೆಟ್ಟಿಲಿಳಿದು ಬಂದರು. ಕ್ಷಮೆ ಕೇಳಲು ಎರಡು ವಾಕ್ಯ ತಯಾರು ಮಾಡಿಕೊಂಡಿದ್ದರು. ಮೊದಲ ವಾಕ್ಯ ಶುರುವಾಗುವ ಮೊದಲೇ ಸಲೂನಿನವನು ಅವರ ಎರಡೂ ಕೈ ಹಿಡಿದ.

“ಯಜಮಾನ್ರೇ, ತಪ್ಪಾಯ್ತು. ನಾವು ಶುದ್ಧ ದಡ್ಡರು. ತೆರಿಗೆಯವರ ಮುಂದೆ ಹೋಗಿ ಬಂಗಲೆ ಇದೆ ಅಂತ ಡಂಗುರ ಹೊಡೀತಿದ್ವಲ್ಲ!”

“ಅಯ್ಯೋ, ಇಲ್ಲಪ್ಪಾ...”

“ಆಹಾ, ಏನು ಹೇಳಿದ್ರಿ! ‘ಸರೋವರವನ್ನೇ ನೋಡಿಲ್ಲ!’ ಮುಖದಲ್ಲಿ ಒಂದು ಗೆರೆ ಅಲುಗಾಡಲಿಲ್ಲ. ಆ ಮೇಡಂ ಕೂಡ ನಂಬಿಬಿಟ್ರು!”

“ಆಸ್ಪತ್ರೆ ಚೀಟಿ ನೋಡಿದ್ರಾ?” ದರ್ಜಿ ಪಿಸುಗುಟ್ಟಿದ. “ಹನ್ನೆರಡು ವರ್ಷದ ಹಿಂದೆಯೇ ಮಾಡಿಸಿಟ್ಟಿದ್ದಾರೆ! ಮನೆ ಮಾರೋ ಯೋಚನೆಯೇ ಇಲ್ಲದಾಗ! ದೂರದೃಷ್ಟಿ ಅಂದ್ರೆ ಇದು. ಸುಮ್ನೆ ಕನ್ನಡಕದಂಗಡಿ ಇಟ್ಟಿದ್ದಾರಾ?”

“ನಿಜವಾಗ್ಲೂ ಇಲ್ಲ ಕಣ್ರಯ್ಯಾ! ಪ್ರಮಾಣ ಮಾಡಿ ಹೇಳ್ತೀನಿ! ಬಂಗಲೆ ಇಲ್ಲ!” ಬಂಗಲೆಯವರ ಕಣ್ಣಲ್ಲಿ ನೀರು ಬಂತು.

ಸಲೂನಿನವನು ಸುತ್ತ ನೋಡಿ, ಕಚೇರಿಯ ಕಿಟಕಿಯ ಕಡೆ ಕಣ್ಣು ಹಾಯಿಸಿ, ಒಂದು ಕಣ್ಣು ಮಿಟುಕಿಸಿದ. “ಇಲ್ಲ. ಇಲ್ಲವೇ ಇಲ್ಲ. ಗೊತ್ತಾಯ್ತೇನ್ರೋ ಎಲ್ಲರಿಗೂ? ಇವತ್ತಿನಿಂದ ನಮ್ಮ ಬೀದಿಯಲ್ಲಿ ಯಾರೇ ಕೇಳಿದ್ರೂ ಬಂಗಲೆ ಇಲ್ಲ.”

“ಇಲ್ಲ!” ಎಂದಿತು ಬೀದಿ, ಒಂದೇ ದನಿಯಲ್ಲಿ, ಮುಖ ತುಂಬ ನಗುತ್ತ. ಅರ್ಧ ಗಡ್ಡದ ಗಿರಾಕಿ ಈಗ ಪೂರ್ತಿ ಗಡ್ಡ ಬಿಟ್ಟಿದ್ದ. ಅವನ ದನಿಯೇ ಎಲ್ಲರಿಗಿಂತ ಜೋರಾಗಿತ್ತು.

ಕಿರಾಣಿಯಾಕೆ ಮಾತ್ರ ಗುಂಪಿನಿಂದ ಸರಿದು, ಹೆಂಡತಿಯ ತೋಳಿಗೆ ತೋಳು ಕೊಟ್ಟು ನಡೆಸುತ್ತ, ಕಿವಿಯ ಹತ್ತಿರ ಬಾಗಿದಳು. “ಅಕ್ಕಾ, ಈಗ ಯಾರೂ ಕೇಳಿಸ್ಕೊಳ್ಳಲ್ಲ. ಇಷ್ಟು ವರ್ಷದಲ್ಲಿ ನಾನು ಒಂದೇ ಒಂದು ಮಾತು ಕೇಳ್ತಿದ್ದೀನಿ. ಅಲ್ಲಿ ದೋಣಿ ಇದೆಯಾ?”

ಹೆಂಡತಿ ಚೀಲವನ್ನು ಮುಟ್ಟಿ ನೋಡಿಕೊಂಡರು. ಆದೇಶ ಒಳಗಿತ್ತು. ಹಿಂದೆ ಗಂಡ, ಇಪ್ಪತ್ತೆರಡು ಜನರ ನಡುವೆ, “ಇಲ್ಲ, ಇಲ್ಲ” ಎಂದು ಕೂಗುತ್ತಲೇ ಇದ್ದರು. ಅವರು “ಇಲ್ಲ” ಎಂದಷ್ಟೂ ಜನ ಬೆನ್ನು ತಟ್ಟುತ್ತಿದ್ದರು. ಹನ್ನೆರಡು ವರ್ಷ ನಿಜ ಹೇಳಿ ದಣಿದ ಆ ಹೆಂಗಸು ಒಂದು ದೀರ್ಘ ಉಸಿರು ಬಿಟ್ಟರು.

“ಎರಡಿವೆ” ಎಂದರು. “ಒಂದು ಅವರದು, ಒಂದು ನನ್ನದು. ಆ ಮನುಷ್ಯ ಹುಟ್ಟು ಹಾಕೋ ದೋಣಿಯಲ್ಲಿ ನಾನು ಕೂರಲ್ಲ.”